ಭೇಲೂಪುರದ ಮರಳಿಗೂ ಹೆಪ್ಪು ಬೇಕು

ಕಾಶಿಗೆ ಬರುವ ನಮ್ಮ ಕಡೆಯವರು ಕೇಳುವ ಮೊದಲ ಪ್ರಶ್ನೆ ವಿಶ್ವನಾಥನ ದರ್ಶನಕ್ಕೆ ಎಷ್ಟು ಹೊತ್ತಿಗೆ ಹೋಗಬೇಕು ಅಂತ. ಎರಡನೆಯದು, ಸ್ವಲ್ಪ ದನಿ ತಗ್ಗಿಸಿ, "ನಿಮ್ಮ ಮನೆ ನಲ್ಲಿಯಲ್ಲಿ ಬರೋದು ಗಂಗೆಯ ನೀರೇನಾ?" ಹೌದು ಅಂದರೆ ಅರ್ಧ ಜನ ಲೋಟ ತುಂಬಿಸಿ ಕಣ್ಣಿಗೊತ್ತಿಕೊಂಡು ಕುಡಿಯುತ್ತಾರೆ. ಇನ್ನರ್ಧ ಜನ ಬ್ಯಾಗಿನಿಂದ ಬಾಟಲಿ ತೆಗೆಯುತ್ತಾರೆ. ಇಬ್ಬರಿಗೂ ನಾನು ಹೇಳೋದು ಒಂದೇ. ನದಿಗೂ ನಲ್ಲಿಗೂ ನಡುವೆ ಭೇಲೂಪುರ ಅಂತ ಒಂದಿದೆ, ಅದರ ಕಥೆ ಕೇಳಿ, ಆಮೇಲೆ ಕುಡಿಯಿರಿ ಅಥವಾ ಬಿಡಿ.

ಭೇಲೂಪುರ ಅಂದರೆ ಜೈನರಿಗೆ ಇಪ್ಪತ್ತಮೂರನೆಯ ತೀರ್ಥಂಕರ ಪಾರ್ಶ್ವನಾಥನ ಜನ್ಮಸ್ಥಳ. ಧರ್ಮಸ್ಥಳ, ಮೂಡುಬಿದಿರೆ ಕಡೆಯಿಂದ ಬರುವ ಯಾತ್ರಿಕರು ಇಲ್ಲಿನ ಬಸದಿ ನೋಡದೆ ಹೋಗುವುದಿಲ್ಲ. ಆಂಧ್ರದವರಿಗೆ ಇದು ವಿಜಯನಗರಂ ರಾಜರ ಕೋಠಿ ಇರುವ ಜಾಗ. ಆದರೆ ಇಲ್ಲಿನ ರಿಕ್ಷಾದವನಿಗೆ "ಜಲಕಲ್" ಅಂದರೆ ಸಾಕು, ಸೀದಾ ಭೇಲೂಪುರಕ್ಕೆ ತಂದು ಬಿಡುತ್ತಾನೆ. ಜಲಕಲ್ ಅಂದರೆ ನೀರಿನ ಯಂತ್ರ. 1892ರಲ್ಲಿ ಶುರುವಾದ ವಾಟರ್ ವರ್ಕ್ಸ್. ನದಿಯ ದಂಡೆಯ ಭದೈನಿಯಲ್ಲಿ ಪಂಪು ನೀರೆತ್ತುತ್ತದೆ, ಅಲ್ಲಿಂದ ಕೊಳವೆಯಲ್ಲಿ ಭೇಲೂಪುರಕ್ಕೆ ಬರುತ್ತದೆ. ಇಲ್ಲಿ ದೊಡ್ಡ ತೊಟ್ಟಿಗಳಲ್ಲಿ ನಿಂತು, ಕೆಸರು ಕೆಳಗಿಳಿದು, ಮರಳಿನ ಮೂಲಕ ಸೋಸಿ, ಮತ್ತೆ ಪಂಪಾಗಿ ಊರಿಗೆ ಹೋಗುತ್ತದೆ. ನೂರಮೂವತ್ತು ವರ್ಷ ದಾಟಿದರೂ ಈ ದಾರಿ ಬದಲಾಗಿಲ್ಲ. ಯಂತ್ರಗಳು ಬದಲಾಗಿವೆ, ಫಿಲ್ಟರುಗಳು ಹೆಚ್ಚಿವೆ, ಊರಿನ ಬಹುಭಾಗಕ್ಕೆ ಕೊಳವೆಬಾವಿಯ ನೀರೂ ಸೇರಿದೆ.

ನನಗೆ ಇದರಲ್ಲಿ ಆಸಕ್ತಿ ಇರುವುದು ಯಂತ್ರಕ್ಕಿಂತ ಮರಳಿನ ಬಗ್ಗೆ. ಯಾಕೆ ಅಂತ ಮುಂದೆ ಹೇಳುತ್ತೇನೆ. ಮೊದಲು ಇದು ಇಲ್ಲಿಗೆ ಬಂದ ಗಲಾಟೆಯ ಕಥೆ ಆಗಬೇಕು.

ಹತ್ತೊಂಬತ್ತನೆಯ ಶತಮಾನದ ಕಾಶಿ ಬಾವಿ, ಕುಂಡ, ಪುಷ್ಕರಿಣಿಗಳ ಊರು. ಕುಡಿಯಲು ಗಂಗೆ ಅಥವಾ ಮನೆಯೊಳಗಿನ ಬಾವಿ. ಊರಿನ ಕೊಳೆಯೂ ಅದೇ ನೆಲಕ್ಕೆ, ಅದೇ ನದಿಗೆ. ಯಾತ್ರಿಕರ ಜೊತೆ ಕಾಲರಾ ಬರುವುದು, ಯಾತ್ರಿಕರ ಜೊತೆಯೇ ಬೇರೆ ಊರಿಗೆ ಹೋಗುವುದು, ಇದು ವರ್ಷವರ್ಷದ ಮಾತು. ನಮ್ಮ ಹಳಬರು ಕಾಶಿಗೆ ಹೊರಡುವ ಮುಂಚೆ ಆಸ್ತಿ ಪಾಲು ಮಾಡಿ, ಎಲ್ಲರಿಗೂ ಹೇಳಿ ಹೊರಡುತ್ತಿದ್ದರಲ್ಲ, ಅದಕ್ಕೆ ದಾರಿಯ ಕಳ್ಳರಷ್ಟೇ ಕಾರಣ ಅಲ್ಲ.

1886ರಲ್ಲಿ ಊರಿನ ದೊಡ್ಡ ಮನುಷ್ಯರು ಸೇರಿ "ಕಾಶಿ ಗಂಗಾ ಪ್ರಸಾದಿನೀ ಸಭಾ" ಅಂತ ಒಂದು ಸಭೆ ಕಟ್ಟಿದರು. ಹೆಸರು ನೋಡಿ, ಎಷ್ಟು ಚೆನ್ನಾಗಿದೆ. ಗಂಗೆಯನ್ನು ಪ್ರಸನ್ನಗೊಳಿಸುವ, ತಿಳಿಯಾಗಿಸುವ ಸಭೆ. ಚರಂಡಿ ಮತ್ತು ನೀರು ಸರಬರಾಜಿಗೆ ಹಣ ಕೂಡಿಸುವುದು, ಸರ್ಕಾರಕ್ಕೆ ಒತ್ತಡ ಹಾಕುವುದು ಇದರ ಕೆಲಸ. ಗಂಗೆ ಸ್ವಚ್ಛತೆ ಅಂದರೆ 1986ರ ಗಂಗಾ ಆಕ್ಷನ್ ಪ್ಲ್ಯಾನಿನಿಂದ ಶುರು ಅಂತ ಬರೆಯುವವರು ಸರಿಯಾಗಿ ನೂರು ವರ್ಷ ಹಿಂದಿನ ಈ ಸಭೆಯನ್ನು ಮರೆತೇಬಿಡುತ್ತಾರೆ.

ಸುತ್ತಮುತ್ತ ಅದೇ ಗಾಳಿ. ಕಲ್ಕತ್ತೆಗೆ ಪಲ್ತಾದಲ್ಲಿ ಹೂಗ್ಲಿ ನೀರು ಸೋಸಿ ಕೊಡುವುದು 1870ರ ಹೊತ್ತಿಗೇ ಆಗಿತ್ತು. 1890ರ ಆಸುಪಾಸಿನಲ್ಲಿ ಆಗ್ರಾ, ಅಲಹಾಬಾದ್, ಕಾನ್ಪುರ, ಲಖನೌ ಎಲ್ಲ ಕಡೆ ವಾಟರ್ ವರ್ಕ್ಸ್ ಎದ್ದವು. ನಮ್ಮ ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದದ್ದೂ ಅದೇ ದಶಕದಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ.

ಕಾಶಿಯಲ್ಲಿ ಮಾತ್ರ ಕೆಲಸ ಸಲೀಸಾಗಲಿಲ್ಲ. ಪಂಪುಮನೆಗೆ ಆರಿಸಿದ ಜಾಗ ಭದೈನಿ. ಊರಿನ ದಕ್ಷಿಣ ತುದಿ, ಅಂದರೆ ಹರಿವಿನ ಮೇಲ್ಗಡೆ, ಊರಿನ ಕೊಳೆ ಸೇರುವ ಮುಂಚೆ ನೀರು ಸಿಗುವ ಜಾಗ. ಎಂಜಿನಿಯರಿನ ಲೆಕ್ಕಕ್ಕೆ ಅದು ಸರಿ. ಆದರೆ ಅಲ್ಲಿ ಒಂದು ರಾಮಮಂದಿರ ಇತ್ತು. ಪಕ್ಕದಲ್ಲೇ ತುಳಸಿ ಘಾಟ್, ತುಳಸೀದಾಸರು ಕೊನೆಯ ದಿನಗಳನ್ನು ಕಳೆದ ಜಾಗ. ಅಂಥ ಕಡೆ ರಾಮನ ಗುಡಿಗೆ ಕೈ ಹಾಕುತ್ತಾರಂತೆ ಅನ್ನುವ ಸುದ್ದಿ ಹಬ್ಬಿದರೆ ಏನಾಗಬಹುದು?

1891ರ ಏಪ್ರಿಲ್‌ನಲ್ಲಿ ಆಗಿಯೇ ಹೋಯಿತು. ಜನ ನುಗ್ಗಿ ವಾಟರ್ ವರ್ಕ್ಸಿನ ಯಂತ್ರ, ಸಾಮಾನು ಒಡೆದರು. ಗಲಾಟೆ ಅಲ್ಲಿಗೇ ನಿಲ್ಲಲಿಲ್ಲ, ಟೆಲಿಗ್ರಾಫ್ ತಂತಿ, ರೈಲ್ವೆ ಸ್ಟೇಷನ್‌ವರೆಗೂ ಹೋಯಿತು. ಸೈನ್ಯ ಕರೆಸಬೇಕಾಯಿತು. ಇತಿಹಾಸಕಾರರು ಇದನ್ನು ಬರೀ ಧರ್ಮದ ಗಲಾಟೆ ಅಂತ ಓದುವುದಿಲ್ಲ. ಆ ವರ್ಷ ಧಾನ್ಯದ ಬೆಲೆ ಏರಿತ್ತು, ನೇಕಾರರ ಕೈಯಲ್ಲಿ ಕೆಲಸ ಇರಲಿಲ್ಲ, ಹೊಸ ನೀರಿನ ಯೋಜನೆ ಅಂದರೆ ಹೊಸ ತೆರಿಗೆ ಅಂತ ಎಲ್ಲರಿಗೂ ಗೊತ್ತಿತ್ತು. ಮಂದಿರ ಕಡ್ಡಿ ಗೀರಿತು, ಒಣ ಹುಲ್ಲು ಮೊದಲೇ ಇತ್ತು. ನನಗನ್ನಿಸುವುದು, ನೀರಿನ ಯಂತ್ರದ ಜೊತೆಗೆ ತಂತಿಯನ್ನೂ ರೈಲನ್ನೂ ಹುಡುಕಿಕೊಂಡು ಹೋಗಿ ಹೊಡೆದದ್ದೇ ಇದಕ್ಕೆ ಸಾಕ್ಷಿ. ಸಿಟ್ಟು ಇದ್ದದ್ದು ಕಬ್ಬಿಣದ ಮೇಲೆ, ಅದನ್ನು ತಂದವರ ಮೇಲೆ.

ಅಷ್ಟಾದರೂ ಮುಂದಿನ ವರ್ಷವೇ ನೀರು ಹರಿಯಿತು.

ಈಗ ಆ 1892ನ್ನು ನೆನಪಿನಲ್ಲಿಡಿ. ಯಾಕಂದರೆ ಅದೇ ವರ್ಷ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಕಾಲರಾ ಬಂತು. ಕೆಲವೇ ವಾರಗಳಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಹ್ಯಾಂಬರ್ಗಿಗೆ ಅಂಟಿಕೊಂಡೇ ಇದ್ದ ಊರು ಆಲ್ಟೋನಾ. ಎರಡಕ್ಕೂ ಒಂದೇ ಎಲ್ಬೆ ನದಿ. ಆಲ್ಟೋನಾ ಇದ್ದದ್ದು ಕೆಳಗಡೆ, ಅಂದರೆ ಹ್ಯಾಂಬರ್ಗಿನ ಕೊಳೆಯೆಲ್ಲ ಸೇರಿದ ಮೇಲಿನ ನೀರು ಅವರ ಪಾಲು. ಲೆಕ್ಕಪ್ರಕಾರ ಆಲ್ಟೋನಾ ಮೊದಲು ಸಾಯಬೇಕಿತ್ತು. ಆದರೆ ಅಲ್ಲಿ ರೋಗ ಹೆಚ್ಚುಕಡಿಮೆ ತಟ್ಟಲೇ ಇಲ್ಲ. ಒಂದೇ ಬೀದಿ, ಹ್ಯಾಂಬರ್ಗಿನ ನೀರು ಕುಡಿಯುವ ಬದಿಯಲ್ಲಿ ಹೆಣ, ಆಲ್ಟೋನಾದ ನೀರು ಕುಡಿಯುವ ಬದಿಯಲ್ಲಿ ಜನ ಆರಾಮ. ವ್ಯತ್ಯಾಸ ಇಷ್ಟೇ. ಹ್ಯಾಂಬರ್ಗ್ ನದಿಯ ನೀರನ್ನು ಹಾಗೇ ಕೊಡುತ್ತಿತ್ತು. ಆಲ್ಟೋನಾ ಮರಳಿನಲ್ಲಿ ನಿಧಾನವಾಗಿ ಸೋಸಿ ಕೊಡುತ್ತಿತ್ತು.

ಕಾಲರಾದ ಕ್ರಿಮಿಯನ್ನು ಗುರುತಿಸಿದ ರಾಬರ್ಟ್ ಕೋಖ್ 1893ರಲ್ಲಿ ಇದನ್ನು ಬರೆದ. ಅವನು ಬರೆದದ್ದರಲ್ಲಿ ನನಗೆ ತುಂಬಾ ಹಿಡಿಸಿದ್ದು ಹ್ಯಾಂಬರ್ಗಿನ ಕಥೆಗಿಂತ ಅದರ ಬಾಲ. ಆಮೇಲಿನ ಚಳಿಗಾಲದಲ್ಲಿ ಆಲ್ಟೋನಾದಲ್ಲೂ ಸಣ್ಣದಾಗಿ ಕಾಲರಾ ಕಾಣಿಸಿಕೊಂಡಿತು. ಹುಡುಕಿ ನೋಡಿದರೆ, ಗಡ್ಡೆಕಟ್ಟುವ ಚಳಿಯಲ್ಲಿ ಒಂದು ಫಿಲ್ಟರ್ ತೊಟ್ಟಿಯ ನೀರಿಳಿಸಿ, ಮೇಲ್ಮೈ ಕೆರೆದು ಶುಚಿ ಮಾಡಿದ್ದರು. ಆ ಹೊತ್ತಿನಲ್ಲಿ ಮರಳು ಹೆಪ್ಪುಗಟ್ಟಿ ಕೆಟ್ಟುಹೋಗಿತ್ತು. ನೋಡಲು ಶುಚಿಯಾದ ಮರಳು, ಕೆಲಸಕ್ಕೆ ಬಾರದ ಮರಳು. ಗಂಟೆಗೆ ನೂರು ಮಿಲಿಮೀಟರಿಗಿಂತ ವೇಗವಾಗಿ ಸೋಸಬಾರದು, ಸೋಸಿದ ನೀರಿನ ಒಂದು ಘನ ಸೆಂಟಿಮೀಟರಿನಲ್ಲಿ ನೂರಕ್ಕಿಂತ ಹೆಚ್ಚು ಬ್ಯಾಕ್ಟೀರಿಯಾ ಇರಬಾರದು ಅನ್ನುವ ನಿಯಮಗಳು ಬಂದದ್ದು ಆಗ.

ಇಲ್ಲಿ ಸ್ವಲ್ಪ ನಿಲ್ಲೋಣ. ಮರಳು ಅಂದರೆ ಏನು, ಜರಡಿ ಅಲ್ಲವೇ? ಕಾಳು ಹಿಡಿ, ದೂಳು ಬಿಡು. ಲಂಡನ್ನಿನ ಚೆಲ್ಸಿಯಲ್ಲಿ ಜೇಮ್ಸ್ ಸಿಂಪ್ಸನ್ 1829ರಲ್ಲಿ ಒಂದೆಕರೆಯ ಮರಳಿನ ತೊಟ್ಟಿ ಕಟ್ಟಿದಾಗ ಅವನೂ ಹಾಗೇ ಅಂದುಕೊಂಡಿದ್ದ. ಅವನ ಉದ್ದೇಶ ಥೇಮ್ಸ್‌ನ ಕೆಸರು ತೆಗೆದು ನೀರು ಕಣ್ಣಿಗೆ ತಿಳಿಯಾಗಿ ಕಾಣಿಸುವುದು, ಅಷ್ಟೇ. ಕ್ರಿಮಿಯ ವಿಚಾರ ಆಗ ಯಾರಿಗೂ ಗೊತ್ತಿರಲಿಲ್ಲ. 1852ರಲ್ಲಿ ಲಂಡನ್ನಿಗೆ ನೀರು ಸೋಸಿಯೇ ಕೊಡಬೇಕು ಅಂತ ಕಾನೂನು ಬಂದಾಗಲೂ ಗೊತ್ತಿರಲಿಲ್ಲ. ಆದರೆ ಮರಳಿನ ಕಣಗಳ ನಡುವಿನ ಸಂದಿಗೆ ಹೋಲಿಸಿದರೆ ಕಾಲರಾದ ಕ್ರಿಮಿ ತೀರಾ ಸಣ್ಣದು, ಕೋಟೆಯ ಬಾಗಿಲಲ್ಲಿ ಇರುವೆ ನುಸುಳಿದ ಹಾಗೆ ನುಸುಳಬೇಕು. ಹಾಗಾದರೆ ಹಿಡಿದವರು ಯಾರು?

ಹಿಡಿದದ್ದು ಮರಳಿನ ಮೇಲಿನ ಕೆನೆ.

ಹೊಸ ಮರಳು ಹಾಕಿ ನೀರು ಬಿಟ್ಟರೆ ಮೊದಲ ದಿನ ಏನೂ ಆಗುವುದಿಲ್ಲ. ಕೆಲವು ದಿನ, ಕೆಲವು ಸಲ ಕೆಲವು ವಾರ ಕಳೆದ ಮೇಲೆ ಮರಳಿನ ಮೇಲೆ ಒಂದು ಲೋಳೆಲೋಳೆ ಪದರ ಕಟ್ಟುತ್ತದೆ. ಪಾಚಿಯ ಎಳೆ, ಡಯಾಟಂ, ಬ್ಯಾಕ್ಟೀರಿಯಾ, ಅವನ್ನು ತಿನ್ನುವ ಏಕಕೋಶಿಗಳು, ಏಕಕೋಶಿಗಳನ್ನು ತಿನ್ನುವ ಇನ್ನೊಂದಿಷ್ಟು ಸಣ್ಣ ಹುಳ. ಒಂದೆರಡು ಸೆಂಟಿಮೀಟರಿನಲ್ಲಿ ಒಂದು ಇಡೀ ಕಾಡು. ಜರ್ಮನರು ಇದಕ್ಕೆ ಶ್ಮುಟ್ಸ್‌ಡೆಕ್ಕೆ ಅಂದರು, ಕೊಳೆಯ ಹೊದಿಕೆ ಅಂತ ಅರ್ಥ. ಹೆಸರು ಕೊಟ್ಟವರಿಗೆ ಕೃತಜ್ಞತೆ ಇರಲಿಲ್ಲ ಅಂತ ಕಾಣುತ್ತೆ. ನಾನಂತೂ ಕೆನೆ ಅನ್ನುತ್ತೇನೆ. ನೀರು ಇದರ ಮೂಲಕ ನಿಧಾನವಾಗಿ ಇಳಿಯುವಾಗ ರೋಗದ ಕ್ರಿಮಿ ಇಲ್ಲಿ ಅಂಟಿಕೊಳ್ಳುತ್ತದೆ, ತಿನ್ನಲ್ಪಡುತ್ತದೆ, ಇಲ್ಲವೇ ಉಪವಾಸ ಸಾಯುತ್ತದೆ. ಕೆನೆಯ ಕೆಳಗೂ ಸುಮಾರು ಒಂದು ಮೊಳದವರೆಗೆ ಮರಳಿನ ಪ್ರತಿ ಕಣಕ್ಕೂ ಜೀವದ ತೆಳು ಲೇಪ ಇರುತ್ತದೆ. ಆ ಮರಳನ್ನು ಕುದಿಸಿ ಶುದ್ಧ ಮಾಡಿಬಿಟ್ಟರೆ ಅದು ಬರೀ ಮರಳು.

ಬೆಂಗಳೂರಿನಲ್ಲಿ ಮನೆಯಲ್ಲಿ ಸಮುದ್ರದ ಮೀನು ಸಾಕುವ ಹುಡುಗರಿಗೆ ಇದು ಚೆನ್ನಾಗಿ ಗೊತ್ತು. ಅವರು ಇದನ್ನು "ಲೈವ್ ಸ್ಯಾಂಡ್", ಜೀವಂತ ಮರಳು ಅನ್ನುತ್ತಾರೆ. ಗಾಜಿನ ತೊಟ್ಟಿಯಲ್ಲಿ ಪಾಚಿ ವಿಪರೀತ ಆದರೆ ಹೊಸಬರು ಗಾಬರಿಯಾಗಿ ಮರಳನ್ನೆಲ್ಲ ತೆಗೆದು ಬಿಸಿನೀರಲ್ಲಿ ತೊಳೆದು ಹಾಕುತ್ತಾರೆ. ವಾರದೊಳಗೆ ನೀರಿನಲ್ಲಿ ಅಮೋನಿಯಾ ಏರಿ ಮೀನು ಮಗುಚಿಕೊಳ್ಳುತ್ತದೆ. ಬಲ್ಲವರು ಒಂದು ಸಲಕ್ಕೆ ಒಂದು ಭಾಗದ ಮೇಲ್ಪದರ ಮಾತ್ರ ಎಳೆದು ತೆಗೆದು, ಗೆಳೆಯರ ಆರೋಗ್ಯವಾದ ತೊಟ್ಟಿಯಿಂದ ಒಂದು ಬಟ್ಟಲು ಮರಳು ತಂದು ಬೆರೆಸುತ್ತಾರೆ. ಲಂಡನ್ನಿನ ಮೃಗಾಲಯದಲ್ಲಿ ಮೊದಲ ಸಾರ್ವಜನಿಕ ಅಕ್ವೇರಿಯಂ ತೆರೆದದ್ದು 1853ರಲ್ಲಿ, ಅಂದರೆ ನೀರು ಸೋಸುವ ಆ ಕಾನೂನಿನ ಮರುವರ್ಷ. ಒಂದೇ ಊರಿನಲ್ಲಿ ಎರಡು ಗುಂಪು ಒಂದೇ ಜೀವಿಗಳ ಜೊತೆ ಗುದ್ದಾಡುತ್ತಿದ್ದರು, ಒಬ್ಬರಿಗೊಬ್ಬರು ಸಂಬಂಧ ಇಲ್ಲದ ಹಾಗೆ.

ಸರಿ, ಮರಳಿನ ತೊಟ್ಟಿಯಲ್ಲಿ ಪಾಚಿ ಹೆಚ್ಚಾದರೆ ಏನು ಮಾಡಬೇಕು? ಕಾಶಿಯಂಥ ಊರಿನಲ್ಲಿ ಇದು ದೊಡ್ಡ ಪ್ರಶ್ನೆ. ಇಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ಬಿಸಿಲು ನೆತ್ತಿ ಸುಡುತ್ತದೆ. ನದಿ ಬತ್ತಿ, ನೀರು ತಿಳಿಯಾಗಿ ನಿಧಾನ ಹರಿಯುತ್ತದೆ. ತಿಳಿ ನೀರು, ಬಿಸಿಲು, ಊರಿನ ಕೊಳೆಯ ಗೊಬ್ಬರ, ಪಾಚಿಗೆ ಇನ್ನೇನು ಬೇಕು? ಜುಲೈ ಬಂತೆಂದರೆ ಎಲ್ಲ ತಿರುವುಮುರುವು. ಗಂಗೆ ಕೆಂಪು ಕೆಸರಾಗಿ ಬರುತ್ತಾಳೆ, ಪಾಚಿಗೆ ಬೆಳಕೇ ಸಿಗುವುದಿಲ್ಲ. ಆಗ ಮರಳಿಗೆ ಹೂಳಿನ ಕಾಟ. ಭೇಲೂಪುರದಲ್ಲಿ ಮರಳಿಗಿಂತ ಮೊದಲು ನೀರು ನಿಲ್ಲಿಸುವ ತೊಟ್ಟಿಗಳನ್ನು ಕಟ್ಟಿದ್ದು ಈ ಹೂಳಿಗೆ. ನಿಧಾನದ ಮರಳು ಕೆಸರು ನೀರನ್ನು ತಡೆದುಕೊಳ್ಳುವುದಿಲ್ಲ, ಕೂಡಲೇ ಕಟ್ಟಿಕೊಳ್ಳುತ್ತದೆ.

ಪಾಚಿ ಪೂರಾ ಶತ್ರು ಅಲ್ಲ. ಹಗಲಲ್ಲಿ ಅದು ನೀರಿಗೆ ಆಮ್ಲಜನಕ ಕೊಡುತ್ತದೆ, ಅದರ ಎಳೆಗಳ ಚಾಪೆಯೇ ಒಂದು ಜರಡಿ. ಹೆಚ್ಚಾದಾಗ ತೊಂದರೆ. ಎಳೆಯಿಲ್ಲದ ಡಯಾಟಂಗಳು ಗಾಜಿನ ಪುಡಿಯ ಹಾಗೆ ಸಂದಿಗಳನ್ನು ಮುಚ್ಚುತ್ತವೆ. ರಾತ್ರಿ ಪಾಚಿಯೂ ಆಮ್ಲಜನಕ ಉಸಿರಾಡುತ್ತದೆ, ಕೆಳಗಿನ ಬ್ಯಾಕ್ಟೀರಿಯಾಕ್ಕೆ ಉಳಿಯುವುದಿಲ್ಲ. ಒಟ್ಟಿಗೆ ಸತ್ತರಂತೂ ಕೊಳೆತು ನೀರಿಗೆ ಮಣ್ಣಿನ, ಮೀನಿನ ವಾಸನೆ. ಆ ವಾಸನೆ ಇಲ್ಲಿ ಮೇ ತಿಂಗಳಲ್ಲಿ ನಲ್ಲಿಯಲ್ಲಿ ಮೂಗಿಗೆ ಹಿಡಿಯಬೇಕು. ನನ್ನ ಹೆಂಡತಿ ಆ ದಿನಗಳಲ್ಲಿ ಸಾರಿಗೆ ಇಂಗು ಜಾಸ್ತಿ ಹಾಕುತ್ತಾಳೆ.

ಹಳೆಯ ಕೈಪಿಡಿಗಳಲ್ಲಿ ಇದಕ್ಕೆ ಹೇಳಿರುವ ಮದ್ದು ಸಲಿಕೆ. ಮರಳಿನ ತೊಟ್ಟಿ ಕಟ್ಟಿಕೊಂಡು ನೀರಿಳಿಯುವುದು ಕಡಿಮೆಯಾದಾಗ, ನೀರನ್ನು ಮರಳಿನ ಮಟ್ಟಕ್ಕಿಂತ ಸ್ವಲ್ಪ ಕೆಳಗಿಳಿಸಬೇಕು. ಜನ ಒಳಗಿಳಿದು ಅಗಲ ಸಲಿಕೆಯಿಂದ ಮೇಲಿನ ಒಂದೆರಡು ಸೆಂಟಿಮೀಟರ್ ಮಾತ್ರ ಕೆರೆದು ತೆಗೆಯಬೇಕು. ಆಳ ಹೋಗಬಾರದು. ಬೇಗ ಮುಗಿಸಬೇಕು, ಯಾಕಂದರೆ ಬಿಸಿಲಿಗೆ ಒಣಗಿದರೆ ಕೆಳಗಿನ ಜೀವ ಸಾಯುತ್ತದೆ, ಹಕ್ಕಿಗಳು ಬಂದು ಕೆದರಿ ಹೊಲಸು ಮಾಡುತ್ತವೆ. ತೆಗೆದ ಮರಳನ್ನು ಆಗಲೇ ತೊಳೆದು ಒಣಗಿಸಿ ಇಡಬೇಕು, ಹಾಗೇ ಬಿಟ್ಟರೆ ನಾರುತ್ತದೆ. ಆಮೇಲೆ ಸೋಸಿದ ನೀರನ್ನು ಕೆಳಗಿನಿಂದ ಮೇಲಕ್ಕೆ ತುಂಬಬೇಕು, ಇಲ್ಲದಿದ್ದರೆ ಮರಳಿನೊಳಗೆ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಮೊದಲ ಕೆಲವು ದಿನದ ನೀರನ್ನು ಊರಿಗೆ ಬಿಡದೆ ಚೆಲ್ಲಬೇಕು. ಕೆನೆ ಮತ್ತೆ ಕಟ್ಟಿದ ಮೇಲೆ, ವೇಗವನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು.

ಹೀಗೆ ಕೆರೆದು ಕೆರೆದು, ಕೆಲವು ವರ್ಷಗಳಲ್ಲಿ ಒಂದು ಮೀಟರ್ ಇದ್ದ ಮರಳು ಅರ್ಧಕ್ಕೆ ಬರುತ್ತದೆ. ಆಗ ಮತ್ತೆ ಮರಳು ತುಂಬಬೇಕು. ಎಲ್ಲಕ್ಕಿಂತ ಚೆಂದ ಈ ಕೆಲಸದ್ದು. ತೊಳೆದಿಟ್ಟ ಮರಳನ್ನು ಮೇಲೆ ಸುರಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಹಾಗಲ್ಲ. ತೊಟ್ಟಿಯ ಒಂದು ತುದಿಯಲ್ಲಿ ಉದ್ದಕ್ಕೆ ಕಾಲುವೆ ತೋಡಿ, ಅಲ್ಲಿನ ಹಳೆ ಮರಳನ್ನು ಪಕ್ಕಕ್ಕೆ ಗುಡ್ಡೆ ಹಾಕಬೇಕು. ಕಾಲುವೆಯ ತಳಕ್ಕೆ ತೊಳೆದ ಹೊಸ ಮರಳು. ಅದರ ಮೇಲೆ ಪಕ್ಕದ ಪಟ್ಟೆಯಿಂದ ತೋಡಿದ ಹಳೆ ಮರಳು. ಹೀಗೆ ಪಟ್ಟೆ ಪಟ್ಟೆಯಾಗಿ ಇಡೀ ತೊಟ್ಟಿಯನ್ನು ಮಗುಚಿಕೊಂಡು ಹೋಗಿ, ಕೊನೆಯ ಪಟ್ಟೆಗೆ ಮೊದಲು ಗುಡ್ಡೆ ಹಾಕಿದ್ದನ್ನು ಹೊದಿಸಬೇಕು. ಮುಗಿದಾಗ ಹೊಸದು ಕೆಳಗೆ, ಹಳೆಯದು ಮೇಲೆ. ಯಾಕೆ? ಹಳೆ ಮರಳಿನಲ್ಲಿ ಜೀವ ಇದೆ. ಅದು ಮೇಲಿದ್ದರೆ ಕೆನೆ ಬೇಗ ಕಟ್ಟುತ್ತದೆ.

ನಮ್ಮ ಅಡಿಗೆಮನೆಯಲ್ಲಿ ಇದಕ್ಕೆ ಹೆಪ್ಪು ಹಾಕುವುದು ಅನ್ನುತ್ತಾರೆ. ಎಷ್ಟು ಒಳ್ಳೆ ಹಾಲಾದರೂ ನಿನ್ನೆಯ ಮೊಸರಿನ ಒಂದು ಚಮಚ ಬೇಕು.

ಈ ಕೆಲಸ ಮಾಡುತ್ತಿದ್ದ ಕೂಲಿಗಳ ಹೆಸರು ಯಾವ ಫಲಕದ ಮೇಲೂ ಇರುವುದಿಲ್ಲ. ಮೊಣಕಾಲಿನವರೆಗೆ ಲೋಳೆಯಲ್ಲಿ ನಿಂತು, ಎಷ್ಟು ತೆಗೆಯಬೇಕು ಎಷ್ಟು ಬಿಡಬೇಕು ಅನ್ನುವುದನ್ನು ಕೈಯ ಅಂದಾಜಿನಲ್ಲಿ ತಿಳಿದವರು. ಎರಡು ಬೆರಳು ಹೆಚ್ಚು ಕೆರೆದರೆ ಊರಿಗೆ ಹೊಟ್ಟೆನೋವು. ಬ್ಯಾಕ್ಟೀರಿಯಾದ ಪುಸ್ತಕ ಓದದ ಜನ ಬ್ಯಾಕ್ಟೀರಿಯಾವನ್ನು ಬದುಕಿಸುತ್ತಿದ್ದರು.

ಪಾಚಿಗೆ ಬೇರೆ ದಾರಿಯೂ ಬಂತು. 1904ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಮೂರ್ ಮತ್ತು ಕೆಲ್ಲರ್‌ಮನ್ ಎಂಬಿಬ್ಬರು ನೀರಿಗೆ ಸ್ವಲ್ಪ ಮೈಲುತುತ್ತ ಹಾಕಿದರೆ ಪಾಚಿ ಸಾಯುತ್ತದೆ ಅಂತ ತೋರಿಸಿದರು. ನಮ್ಮ ಮಲೆನಾಡಿನವರಿಗೆ ಮೈಲುತುತ್ತ ಗೊತ್ತು, ಅಡಿಕೆಗೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಇರುವುದು ಅದೇ. 1908ರಲ್ಲಿ ಅಮೆರಿಕದ ಜರ್ಸಿ ಸಿಟಿ ಊರಿನ ನೀರಿಗೆಲ್ಲ ಕಾಯಂ ಆಗಿ ಕ್ಲೋರಿನ್ ಹಾಕಲು ಶುರು ಮಾಡಿತು. ಎರಡೂ ಕೆಲಸ ಮಾಡುತ್ತವೆ. ಕ್ಲೋರಿನ್ ಉಳಿಸಿದ ಜೀವಗಳಿಗೆ ಲೆಕ್ಕವಿಲ್ಲ, ಅದರ ಬಗ್ಗೆ ಮೂಗು ಮುರಿಯುವವರ ಪೈಕಿ ನಾನಲ್ಲ. ಆದರೆ ಮರಳಿಗೆ ಮುಂಚೆ ಹಾಕಿದರೆ ಅದು ಪಾಚಿಯ ಜೊತೆ ಕೆನೆಯನ್ನೂ ಕೊಲ್ಲುತ್ತದೆ. ಮರಳು ದಾಟಿದ ಮೇಲೆ ಹಾಕಬೇಕು. ಈ ಸಣ್ಣ ಕ್ರಮ ತಪ್ಪಿದರೆ ಜೀವಂತ ಮರಳು ಜರಡಿಯಾಗುತ್ತದೆ.

ಕಾಶಿಯಲ್ಲಿ ಇನ್ನೊಂದು ಮಾತೂ ಇದೆ, ಹೇಳದಿದ್ದರೆ ನೀವೇ ಕೇಳುತ್ತೀರಿ. ಗಂಗೆಗೆ ಸೋಸುವ ಅಗತ್ಯವೇ ಇಲ್ಲ, ತಾನೇ ಶುದ್ಧಳಾಗುತ್ತಾಳೆ ಅಂತ. 1896ರಲ್ಲಿ ಆಗ್ರಾದ ಸರ್ಕಾರಿ ವಿಜ್ಞಾನಿ ಅರ್ನೆಸ್ಟ್ ಹ್ಯಾಂಕಿನ್ ಒಂದು ಪ್ರಯೋಗ ಪ್ರಕಟಿಸಿದ. ಗಂಗಾ ಯಮುನೆಯರ ನೀರಿನಲ್ಲಿ ಕಾಲರಾ ಕ್ರಿಮಿ ಬೇಗ ಸಾಯುತ್ತದೆ, ಅದೇ ನೀರನ್ನು ಕುದಿಸಿದರೆ ಆ ಗುಣ ಹೋಗುತ್ತದೆ ಅಂತ. ಅದೇ ವರ್ಷ ಬನಾರಸಿಗೆ ಬಂದಿದ್ದ ಮಾರ್ಕ್ ಟ್ವೇನ್ ತನ್ನ 1897ರ ಪ್ರವಾಸದ ಪುಸ್ತಕದಲ್ಲಿ ಇದನ್ನು ಬರೆದು ಜಗತ್ತಿಗೆಲ್ಲ ಹಂಚಿದ. 1917ರಲ್ಲಿ ದೆರೆಲ್ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾವನ್ನು ತಿನ್ನುವ ವೈರಸ್ಸಿಗೆ ಬ್ಯಾಕ್ಟೀರಿಯೋಫೇಜ್ ಅಂತ ಹೆಸರಿಟ್ಟ ಮೇಲೆ, ಹ್ಯಾಂಕಿನ್ ಕಂಡದ್ದು ಇದೇ ಇರಬಹುದು ಅಂತ ಜನ ಹಿಂತಿರುಗಿ ನೋಡಿದರು. ಇದು ನಿಜವಾದ ಸಂಗತಿ. ಆದರೆ ಇದನ್ನು ಹಿಡಿದುಕೊಂಡು ಘಾಟಿನ ನೀರನ್ನು ಹಾಗೇ ಕುಡಿಯಿರಿ ಅನ್ನುವವರ ಮಾತು ಕೇಳಬೇಡಿ. ಫೇಜ್ ಇದ್ದ ಕಾಶಿಯಲ್ಲೇ ಕಾಲರಾ ಕೂಡ ಇತ್ತು.

ಮಡಿಯವರದ್ದು ಇನ್ನೊಂದು ತಕರಾರು. ಕಲ್ಕತ್ತೆಯಲ್ಲಿ ನಲ್ಲಿ ಬಂದಾಗ, ಕೊಳವೆಯ ನೀರು ದೇವರ ಕೆಲಸಕ್ಕೆ ಆಗುತ್ತದೋ ಇಲ್ಲವೋ, ನಲ್ಲಿಯೊಳಗಿನ ಚರ್ಮದ ವಾಷರಿಗೆ ಏನು ಪ್ರಾಯಶ್ಚಿತ್ತ ಅಂತೆಲ್ಲ ಚರ್ಚೆಯಾಗಿತ್ತು. ಕಾಶಿಯ ನಮ್ಮ ಹಳೆ ಕನ್ನಡ ಮನೆಗಳಲ್ಲಿ ಅದಕ್ಕೆ ಸುಲಭ ಉತ್ತರ ಇತ್ತು. ಪೂಜೆಗೆ ಘಾಟಿನಿಂದ ತಂಬಿಗೆಯಲ್ಲಿ ತಂದ ಗಂಗೆ, ಅಡಿಗೆಗೆ ಜಲಕಲ್‌ನ ಗಂಗೆ. ಈಗಲೂ ಹನುಮಾನ್ ಘಾಟಿನ ಕಡೆ ಬೆಳಗಿನ ಜಾವ ತಂಬಿಗೆ ಹಿಡಿದು ಮೆಟ್ಟಿಲಿಳಿಯುವವರನ್ನು ನೋಡಬಹುದು. ಭೇಲೂಪುರದ ಮರಳು ಅವರ ಅಡಿಗೆಮನೆಯವರೆಗೆ ಬಂತು, ದೇವರ ಕೋಣೆಗೆ ಬರಲಿಲ್ಲ.

ಇದೇ ಹೊತ್ತಿಗೆ ನಮ್ಮವರೊಬ್ಬರು ಇನ್ನೊಂದು ನದಿಯ ದಂಡೆಯಲ್ಲಿ ಇದೇ ಸಮಸ್ಯೆಗೆ ತಲೆ ಕೆಡಿಸಿಕೊಂಡಿದ್ದರು. ಮೋಕ್ಷಗುಂಡಂ ವಿಶ್ವೇಶ್ವರಯ್ಯ. 1890ರ ದಶಕದ ನಡುವೆ ಬೊಂಬಾಯಿ ಸರ್ಕಾರ ಅವರನ್ನು ಸಿಂಧ್‌ನ ಸಕ್ಕರ್ ಊರಿಗೆ ಕಳಿಸಿತ್ತು. ಸಿಂಧೂ ನದಿಯ ನೀರು ಬಣ್ಣ ಬಣ್ಣದ ಕೆಸರು. ಮರಳಿನ ತೊಟ್ಟಿ ಕಟ್ಟಲು ಅಲ್ಲಿನ ಮುನಿಸಿಪಾಲಿಟಿಯ ಹತ್ತಿರ ದುಡ್ಡಿಲ್ಲ. ಇವರು ಏನು ಮಾಡಿದರು ಗೊತ್ತಾ? ದಂಡೆಯ ಹತ್ತಿರ ನದಿಯ ಪಾತ್ರದಲ್ಲೇ ಬಾವಿ ತೋಡಿಸಿ, ಪಾತ್ರದ ಅಡಿಯ ಮರಳಿನಿಂದ ಬಸಿದು ಬರುವ ತಿಳಿ ನೀರನ್ನು ಅದಕ್ಕೆ ಸೇರುವಂತೆ ಮಾಡಿ, ಪಂಪಿನಿಂದ ಗುಡ್ಡಕ್ಕೆ ಏರಿಸಿದರು. ನದಿಯ ಮರಳೇ ಫಿಲ್ಟರು. ಬೇಸಿಗೆಯಲ್ಲಿ ಹೊಳೆಯ ದಂಡೆಯಲ್ಲಿ ಒರತೆ ತೋಡಿ ನೀರು ತುಂಬಿಕೊಳ್ಳುವ ನಮ್ಮ ಹಳ್ಳಿಯ ಹೆಂಗಸರಿಗೆ ಇದು ಹೊಸದಲ್ಲ. ಅದನ್ನೇ ಊರಿನ ಅಳತೆಗೆ ಹಿಗ್ಗಿಸಲು ಒಬ್ಬ ವಿಶ್ವೇಶ್ವರಯ್ಯ ಬೇಕಾಯಿತು.

ಬೆಂಗಳೂರಿನ ದಾರಿ ಬೇರೆ. ಮಲ್ಲೇಶ್ವರದ "ಜ್ಯುವೆಲ್ ಫಿಲ್ಟರ್ಸ್" ಜಾಗ ಹಳಬರಿಗೆ ಗೊತ್ತು. ಒಡವೆಗೂ ಅದಕ್ಕೂ ಸಂಬಂಧವಿಲ್ಲ, ಜುವೆಲ್ ಅನ್ನುವುದು ಶಿಕಾಗೋದ ಫಿಲ್ಟರ್ ತಯಾರಕನ ಹೆಸರು. ಅದು ವೇಗದ ಫಿಲ್ಟರುಗಳ ಜಾತಿ. ಮೊದಲು ಆಲಂ ಹಾಕಿ ಕೆಸರನ್ನು ಮುದ್ದೆಗಟ್ಟಿಸುವುದು, ದಪ್ಪ ಮರಳಿನಲ್ಲಿ ರಭಸವಾಗಿ ಸೋಸುವುದು, ಕಟ್ಟಿಕೊಂಡಾಗ ಕೆಳಗಿನಿಂದ ನೀರು ನುಗ್ಗಿಸಿ ತೊಳೆದುಬಿಡುವುದು. ನಿಧಾನದ ಮರಳಿಗಿಂತ ನಲವತ್ತು ಐವತ್ತು ಪಟ್ಟು ವೇಗ. ಕೆನೆಗೆ ಕಾಯುವ ಹಾಗಿಲ್ಲ, ಕೆನೆಯೇ ಇಲ್ಲ. ಕ್ರಿಮಿಯ ಜವಾಬ್ದಾರಿ ಹೆಚ್ಚಾಗಿ ಕ್ಲೋರಿನ್ ಮೇಲೆ. ಭೇಲೂಪುರಕ್ಕೂ ಕಾಲಕ್ರಮದಲ್ಲಿ ವೇಗದ ಫಿಲ್ಟರುಗಳು ಬಂದವು. ಬರದೆ ವಿಧಿಯಿರಲಿಲ್ಲ. ಊರು ಬೆಳೆಯಿತು, ಮರಳಿನ ತೊಟ್ಟಿಗೆ ಎಕರೆಗಟ್ಟಲೆ ಜಾಗ ಭೇಲೂಪುರದ ಮಧ್ಯದಲ್ಲಿ ಯಾರು ಕೊಡುತ್ತಾರೆ? ಮಳೆಗಾಲದ ಗಂಗೆಗೆ ವೇಗದ ಫಿಲ್ಟರೇ ಸರಿ ಅನ್ನುವ ಎಂಜಿನಿಯರುಗಳ ಮಾತಿನಲ್ಲಿ ಹುರುಳಿದೆ. ಆದರೆ ನಿಧಾನದ ಮರಳು ಮ್ಯೂಸಿಯಂ ಸೇರಿಲ್ಲ ಅನ್ನುವುದನ್ನೂ ಹೇಳಬೇಕು. ಲಂಡನ್ನಿನ ದೊಡ್ಡ ನೀರಿನ ಕೇಂದ್ರಗಳಲ್ಲಿ ಇವತ್ತಿಗೂ ಅದು ಕೆಲಸ ಮಾಡುತ್ತಿದೆ. 1974ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದರ ಮೇಲೆ ಒಂದು ಇಡೀ ಪುಸ್ತಕ ಹೊರತಂದಿತು, ಮುಖ್ಯವಾಗಿ ನಮ್ಮಂಥ ದೇಶಗಳ ಸಣ್ಣ ಊರುಗಳಿಗಾಗಿ.

ಭದೈನಿಯ ಪಂಪುಮನೆಯ ಪಕ್ಕದ ತುಳಸಿ ಘಾಟಿನಲ್ಲಿ ಒಬ್ಬರಿದ್ದರು, ವೀರಭದ್ರ ಮಿಶ್ರ. ಸಂಕಟಮೋಚನ ದೇವಸ್ಥಾನದ ಮಹಂತರು, ಜೊತೆಗೆ ಬನಾರಸ್ ಹಿಂದೂ ವಿಶ್ವವಿದ್ಯಾನಿಲಯದಲ್ಲಿ ಹೈಡ್ರಾಲಿಕ್ಸ್ ಪ್ರೊಫೆಸರ್. ಬೆಳಗ್ಗೆ ಗಂಗೆಯಲ್ಲಿ ಮುಳುಗು ಹಾಕಿ, ಆಮೇಲೆ ಅದೇ ಗಂಗೆಯ ನೀರನ್ನು ಲ್ಯಾಬಿನಲ್ಲಿ ಪರೀಕ್ಷಿಸಿದವರು. 1982ರಲ್ಲಿ ಸಂಕಟಮೋಚನ ಫೌಂಡೇಶನ್ ಶುರು ಮಾಡಿದರು, 2013ರಲ್ಲಿ ತೀರಿಕೊಂಡರು. ಸರ್ಕಾರದ ಕರೆಂಟು ನಂಬಿದ ಕೊಳೆನೀರಿನ ಕೇಂದ್ರಗಳು ಕರೆಂಟು ಹೋದಾಗ ನಿಲ್ಲುತ್ತವೆ ಅಂತ ಅವರು ಹೇಳುತ್ತಲೇ ಇದ್ದರು. ಬದಲಿಗೆ ಅವರು ಕೇಳಿದ್ದು ಕ್ಯಾಲಿಫೋರ್ನಿಯಾದ ವಿಲಿಯಂ ಓಸ್ವಾಲ್ಡ್ ರೂಪಿಸಿದ ಕೊಳಗಳನ್ನು. ಆ ಕೊಳಗಳಲ್ಲಿ ಪಾಚಿಯನ್ನು ಬೇಕೆಂದೇ ಬೆಳೆಸಿ, ಅದರ ಆಮ್ಲಜನಕದಿಂದ ಕೊಳೆಯನ್ನು ಕರಗಿಸುತ್ತಾರೆ. ಪಾಚಿ ಎಲ್ಲಿರಬೇಕೋ ಅಲ್ಲಿ ಅದಕ್ಕೆ ಜಾಗ ಕೊಡಿ, ಆಗ ನದಿಗೆ ಬರುವುದಿಲ್ಲ, ಇಷ್ಟೇ ಲೆಕ್ಕ. ಅವರು ಕೇಳಿದ ಹಾಗೆ ಅದು ಅವರ ಕಾಲದಲ್ಲಿ ಆಗಲಿಲ್ಲ.

2021ರ ಮೇ ತಿಂಗಳ ಕೊನೆಗೆ ಕಾಶಿಯ ಗಂಗೆ ಹಸಿರಾದಳು. ಅಂಚಿನಲ್ಲಿ ಸ್ವಲ್ಪ ಅಲ್ಲ, ಘಾಟುಗಳ ಉದ್ದಕ್ಕೂ ಹಸಿರು. ಕೊರೊನಾದ ಎರಡನೆಯ ಅಲೆ ಇನ್ನೂ ಆರಿರಲಿಲ್ಲ, ಜನ ಮೊದಲೇ ಹೆದರಿದ್ದರು. ಜಿಲ್ಲಾಡಳಿತ ಐದು ಜನರ ಸಮಿತಿ ಮಾಡಿತು. ಅವರು ನದಿಯಲ್ಲಿ ಮೇಲ್ಮುಖವಾಗಿ ಹೋಗಿ ನೋಡಿ, ಮಿರ್ಜಾಪುರದ ವಿಂಧ್ಯಾಚಲದ ಹಳೆ ಮಾದರಿಯ ಕೊಳೆನೀರು ಕೇಂದ್ರದ ಕೊಳಗಳಿಂದ ಪಾಚಿ ಬಂದಿದೆ, ನದಿಯ ಹರಿವು ಕಡಿಮೆ ಇದ್ದದ್ದರಿಂದ ಇಲ್ಲಿ ಬೆಳೆದಿದೆ ಅಂತ ಜೂನ್‌ನಲ್ಲಿ ವರದಿ ಕೊಟ್ಟರು. ಕೊಳದಲ್ಲಿ ಪಾಚಿ ಬೆಳೆಸಿದರೆ ಸಾಲದು, ನೀರು ಹೊರಬಿಡುವ ಮುಂಚೆ ಅದನ್ನು ಬೇರ್ಪಡಿಸಬೇಕು. ಓಸ್ವಾಲ್ಡ್ ಮಾದರಿಯಲ್ಲಿ ಪಾಚಿ ಕೆಳಗಿಳಿಯಲೆಂದೇ ಬೇರೆ ಕೊಳ ಇರುವುದು ಅದಕ್ಕೆ. ಆ ದಿನಗಳಲ್ಲಿ ನಮ್ಮ ಬೀದಿಯಲ್ಲಿ ಎಲ್ಲರೂ ನೀರು ಕುದಿಸಿಯೇ ಕುಡಿದರು. ಪಕ್ಕದ ಮನೆಯ ಹಿರಿಯರೊಬ್ಬರು ಮಾತ್ರ "ಜಲಕಲ್ ಮೇ ಬಾಲೂ ಹೈ ನ" ಅಂದರು. ಜಲಕಲ್‌ನಲ್ಲಿ ಮರಳು ಇದೆಯಲ್ಲ, ಅಂತ.

ಮುಂದಿನ ಸಲ ಬಂದಾಗ ನಮ್ಮ ಕರ್ನಾಟಕ ಘಾಟಿನಿಂದ ದಕ್ಷಿಣಕ್ಕೆ ನದಿಯ ಗುಂಟ ನಡೆಯಿರಿ. ಹನುಮಾನ್ ಘಾಟ್, ಶಿವಾಲಾ, ಚೇತ್ ಸಿಂಗ್ ಕೋಟೆ, ಜೈನ್ ಘಾಟ್, ಆನಂದಮಯಿ ಘಾಟ್, ಜಾನಕಿ ಘಾಟ್ ದಾಟಿದ ಮೇಲೆ ದಂಡೆಯಲ್ಲಿ ಪಂಪುಮನೆ ಕಾಣುತ್ತದೆ. ದೇವಸ್ಥಾನ ಅಂದುಕೊಂಡು ಎಷ್ಟೋ ಜನ ಕೈಮುಗಿಯದೆ ಇರುವ ಒಂದೇ ಕಟ್ಟಡ ಅದು. ಅಲ್ಲಿಂದ ಮೇಲೆ ಹತ್ತಿ ಲೋಲಾರ್ಕ ಕುಂಡ ನೋಡಿಕೊಂಡು ರಿಕ್ಷಾ ಹಿಡಿದರೆ ಭೇಲೂಪುರ ಹತ್ತು ನಿಮಿಷ. ಒಳಗೆ ಬಿಡುವುದಿಲ್ಲ, ಪರವಾನಗಿ ಬೇಕು. ಹೊರಗಿನ ಬೀದಿಯಲ್ಲಿ ಚಹಾ ಚೆನ್ನಾಗಿರುತ್ತದೆ, ನೀರು ಅದೇ.